ಚೀಲದ ತಳದಲ್ಲಿ ಉಳಿದದ್ದು

ನಮ್ಮ ಕಿರಿಯ ಮಗನಿಗೆ ಹಿಮೋಫಿಲಿಯಾ ಇರುವುದು ನಮ್ಮ ಧರ್ಮಕೇಂದ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಕನ್ನಡದಲ್ಲಿ ಇದನ್ನು ಕುಸುಮರೋಗ ಎಂದು ಕರೆಯುವುದುಂಟು. ಕಾಯಿಲೆಗೆ ಎಷ್ಟು ಚಂದದ ಹೆಸರು! ಭಾನುವಾರ ಬಲಿಪೂಜೆ ಮುಗಿದು ಇಗರ್ಜಿಯ ಅಂಗಳದಲ್ಲಿ ನಿಂತಾಗ ಜನ ನಮ್ಮಲ್ಲಿ ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಮೂರು. ಇದು ಅಂಟುವ ಕಾಯಿಲೆಯೇ? ಚಿಕ್ಕ ಗೀರು ಬಿದ್ದರೂ ರಕ್ತವೆಲ್ಲ ಹರಿದುಹೋಗುತ್ತದೆಯೇ? ಮೂರನೆಯದನ್ನು ಸ್ವರ ತಗ್ಗಿಸಿ ಕೇಳುತ್ತಾರೆ: ಇದು ಯಾರ ಕಡೆಯಿಂದ ಬಂದದ್ದು?

ಮೊದಲ ಎರಡಕ್ಕೆ ಉತ್ತರ ಸುಲಭ. ಇದು ಅಂಟುವುದಿಲ್ಲ. ಗೀರು ಬಿದ್ದರೆ ಎಲ್ಲರಿಗೆ ಬರುವ ವೇಗದಲ್ಲೇ ಅವನಿಗೂ ರಕ್ತ ಬರುತ್ತದೆ, ನಿಲ್ಲುವುದು ಮಾತ್ರ ತಡ. ಚಿಕ್ಕ ಗಾಯವಾದರೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು. ನಮಗೆ ಹೆದರಿಕೆ ಹೊರಗೆ ಕಾಣುವ ರಕ್ತದ್ದಲ್ಲ, ಒಳಗೆ ಇಳಿಯುವ ರಕ್ತದ್ದು. ಮೊಣಕಾಲು, ಮೊಣಕೈ, ಪಾದದ ಗಂಟುಗಳ ಒಳಗೆ ಮತ್ತೆ ಮತ್ತೆ ರಕ್ತ ತುಂಬಿದರೆ ಎಲುಬು ಸವೆದು ಗಂಟು ಸೆಟೆದುಕೊಳ್ಳುತ್ತದೆ. ತಲೆಯೊಳಗೆ ಆದರೆ ಪ್ರಾಣಕ್ಕೇ ಕುತ್ತು.

ಮೂರನೆಯ ಪ್ರಶ್ನೆಗೆ ನಮ್ಮ ಮನೆಯ ಮಟ್ಟಿಗೆ ಉತ್ತರ: ತಾಯಿಯ ಕಡೆಯಿಂದ. ಬಚ್ಚಿಡಲು ಏನೂ ಇಲ್ಲ. ಆದರೆ ಆ ಪ್ರಶ್ನೆಯ ಹಿಂದೆ ಇರುವುದು ವಿಜ್ಞಾನವಲ್ಲ, ತಪ್ಪು ಹೊರಿಸುವ ಆಸೆ ಎಂದು ನಮಗೆ ಅನೇಕ ಸಲ ಅನ್ನಿಸಿದೆ. ಮಗನ ಅಜ್ಜಿಗೆ ಒಬ್ಬ ತಮ್ಮನಿದ್ದ. 1971ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಒಂದು ಹಾಲುಹಲ್ಲು ಕಿತ್ತ ಮೇಲೆ ರಕ್ತ ನಿಲ್ಲದೆ ನಾಲ್ಕನೇ ದಿನ ತೀರಿಕೊಂಡ. ಅವನ ತಾಯಿಗೆ ಊರವರು ಅಂದದ್ದು, ನಿನ್ನ ಹೊಟ್ಟೆಯ ದೋಷ ಎಂದು. ಆ ಮಾತನ್ನು ಅಜ್ಜಿ ಐವತ್ತು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರು. ಹುಡುಗನಿಗೆ ಏನಾಗಿತ್ತು ಎಂಬುದು ಆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. 2009ರಲ್ಲಿ ಹುಟ್ಟಿದ ನಮ್ಮ ಮಗನಿಗೆ ಹತ್ತನೇ ತಿಂಗಳಲ್ಲಿ ಒಂದು ಸೂಜಿ ಚುಚ್ಚಿ ತೊಡೆಯಿಡೀ ಊದಿ ಕಪ್ಪಾದಾಗ, ರಕ್ತಪರೀಕ್ಷೆಯ ಚೀಟಿ ಕೈಗೆ ಬಂದಾಗ, ಸತ್ತು ಮೂವತ್ತೆಂಟು ವರ್ಷವಾದ ಆ ಹುಡುಗನ ಕಾಯಿಲೆಯ ಹೆಸರೂ ಒಟ್ಟಿಗೇ ಸಿಕ್ಕಿತು.

ರಕ್ತ ಹೆಪ್ಪುಗಟ್ಟುವುದು ಹೇಗೆ ಎಂದು ನಾವು ಮಗನಿಗೆ ಹೇಳಿಕೊಟ್ಟದ್ದು ಇಗರ್ಜಿಯ ಸಭಾಭವನಕ್ಕೆ ಸ್ಲ್ಯಾಬ್ ಹಾಕಿದ ದಿನವನ್ನು ನೆನಪಿಸಿ. ಅಂದು ವಾಳೆಯ ಗಂಡಸರು ಹೆಂಗಸರು ಸಾಲಾಗಿ ನಿಂತು ಕಾಂಕ್ರೀಟಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದ್ದರು. ಸಾಲಿನಲ್ಲಿ ಎಂಟನೆಯವನು ಇಲ್ಲವಾದರೆ ಏಳನೆಯವನ ಕೈಯಲ್ಲಿ ಬುಟ್ಟಿ ಉಳಿಯುತ್ತದೆ, ಮುಂದಿನವರೆಲ್ಲ ಕೈ ಕಟ್ಟಿ ನಿಲ್ಲಬೇಕು. ರಕ್ತದಲ್ಲೂ ಹಾಗೆ. ಫ್ಯಾಕ್ಟರ್ ಎಂದು ಕರೆಯುವ ಹಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಕೆಲಸ ಮಾಡಿದರೆ ಕೊನೆಗೆ ನಾರಿನಂಥ ಬಲೆ ಕಟ್ಟಿ ರಕ್ತ ನಿಲ್ಲುತ್ತದೆ. ನಮ್ಮ ಮಗನಲ್ಲಿ ಇಲ್ಲದ್ದು ಎಂಟನೆಯ ಫ್ಯಾಕ್ಟರ್. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ಹೀಗಾಗುತ್ತದೆ. (ಫ್ಯಾಕ್ಟರುಗಳ ಸಂಖ್ಯೆ ಕಂಡುಹಿಡಿದ ಕ್ರಮದಲ್ಲಿ ಕೊಟ್ಟದ್ದು, ಸಾಲಿನಲ್ಲಿ ನಿಲ್ಲುವ ಕ್ರಮದಲ್ಲಿ ಅಲ್ಲ. ಮಗನಿಗೆ ಇದು ಗೊತ್ತಾದ ದಿನ ನಮ್ಮ ಉದಾಹರಣೆ ಸರಿಯಿಲ್ಲವೆಂದು ಜಗಳ ಮಾಡಿದ!)

ಈ ಸಾಲನ್ನು ಮೊದಲು ಚೊಕ್ಕವಾಗಿ ಬಿಡಿಸಿ ಹೇಳಿದ್ದು 1964ರಲ್ಲಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮ್ಯಾಕ್‌ಫಾರ್ಲೇನ್, ಅಮೆರಿಕದಲ್ಲಿ ಡೇವಿ ಮತ್ತು ರಟ್ನಾಫ್ ಒಂದೇ ವರ್ಷ ಬೇರೆ ಬೇರೆಯಾಗಿ ಪ್ರಕಟಿಸಿದರು. ಇದೇ ಮ್ಯಾಕ್‌ಫಾರ್ಲೇನ್ 1934ರಲ್ಲಿ ಬಾರ್ನೆಟ್ ಜೊತೆ ಸೇರಿ ಕೊಳಕುಮಂಡಲ ಹಾವಿನ ವಿಷವನ್ನು ತೀರಾ ತೆಳುಮಾಡಿ ಹಿಮೋಫಿಲಿಯಾದವರ ಗಾಯಕ್ಕೆ ಹಚ್ಚಿದರೆ ರಕ್ತ ಹೆಪ್ಪುಗಟ್ಟುತ್ತದೆ ಎಂದು ತೋರಿಸಿದ್ದರು. ನಮ್ಮ ಗೇರುತೋಟದಲ್ಲಿ ತರಗೆಲೆಯ ಕೆಳಗೆ ಮಲಗಿರುವ ಆ ಹಾವಿನಿಂದ ಯಾರಿಗಾದರೂ ಉಪಕಾರವಾದೀತು ಎಂದು ನಾವು ಎಣಿಸಿದವರಲ್ಲ.

ಆದರೆ ನಮಗೆ ಹೇಳಲಿಕ್ಕಿರುವುದು ಇವರ ಕಥೆಯಲ್ಲ. ಅದೇ 1964ರಲ್ಲಿ ಇನ್ನೊಂದು ಸಣ್ಣ ಲೇಖನ ಬಂತು, ಬರೆದವರು ಒಬ್ಬ ಹೆಂಗಸು. ಅವರ ಹೆಸರನ್ನು ನಾವು ಮೊದಲು ಕೇಳಿದ್ದು ಮಂಗಳೂರಿನ ಒಂದು ರಕ್ತನಿಧಿಯ ಬಾಗಿಲಲ್ಲಿ.

2013ರ ಸೆಪ್ಟೆಂಬರ್ 8, ತೆನೆಹಬ್ಬದ ದಿನ. ನಾಲ್ಕು ವರ್ಷದ ಮಗ ಹೂ ಎರಚುವ ಮಕ್ಕಳ ಜೊತೆ ಓಡಿ ಮೆಟ್ಟಿಲಲ್ಲಿ ಬಿದ್ದು ನಾಲಗೆ ಕಚ್ಚಿಕೊಂಡ. ನಾಲಗೆಯ ಗಾಯ ಹಿಮೋಫಿಲಿಯಾದವರಿಗೆ ಬಹಳ ಕೆಟ್ಟದ್ದು. ಅದನ್ನು ಕಟ್ಟುವಂತಿಲ್ಲ, ಒತ್ತಿ ಹಿಡಿಯಲೂ ಕಷ್ಟ, ನುಂಗಿದ ರಕ್ತ ಎಷ್ಟೆಂದು ಕಾಣುವುದೂ ಇಲ್ಲ. ರಾತ್ರಿ ಆಸ್ಪತ್ರೆ ಮುಟ್ಟಿದಾಗ ಅಲ್ಲಿ ಎಂಟನೆಯ ಫ್ಯಾಕ್ಟರಿನ ಔಷಧಿ ಮುಗಿದಿತ್ತು. ಡಾಕ್ಟರು ಚೀಟಿಯಲ್ಲಿ 'ಕ್ರಯೋ' ಎಂದು ಬರೆದು ನಾಲ್ಕು ಚೀಲ ತರಿಸಿದರು. ಅಂಗೈಯಷ್ಟಗಲದ ಚೀಲ, ಒಳಗೆ ಒಂದೆರಡು ಚಮಚದಷ್ಟು ಮಸುಕು ಹಳದಿ ದ್ರವ. ಇಷ್ಟೇ ಏನು ಎಂದು ಕೇಳಿದೆವು. ರಕ್ತನಿಧಿಯ ಟೆಕ್ನೀಶಿಯನ್ ನಗುತ್ತಾ, "ಇಷ್ಟೇ ಆಗಬೇಕೆಂದೇ ಒಬ್ಬ ಅಮ್ಮ ವರ್ಷಗಟ್ಟಲೆ ಕೆಲಸ ಮಾಡಿದ್ದು ಸರ್. ಜೂಡಿತ್ ಪೂಲ್ ಅಂತ" ಎಂದರು. ಎರಡು ದಿನದಲ್ಲಿ ಒಟ್ಟು ಹತ್ತು ಚೀಲ ಹೋಯಿತು. ರಕ್ತ ನಿಂತಿತು.

ನಮ್ಮಿಬ್ಬರಲ್ಲಿ ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು, ಇನ್ನೊಬ್ಬರಿಗೆ ಕಂಡದ್ದನ್ನೆಲ್ಲ ಓದುವ ಚಟ. ಹಾಗಾಗಿ ಆ ಹೆಸರು ನಮ್ಮನ್ನು ಬಿಡಲಿಲ್ಲ.

ಜೂಡಿತ್ ಗ್ರಹಾಂ ಪೂಲ್ 1919ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಹುಟ್ಟಿದವರು. ಚಿಕಾಗೊ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿರುವಾಗಲೇ ಮದುವೆ. ಇಬ್ಬರು ಗಂಡುಮಕ್ಕಳ ತಾಯಿಯಾಗಿ, ನಡುವೆ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ, 1946ರಲ್ಲಿ ಡಾಕ್ಟರೇಟ್ ಪಡೆದರು. ಆ ಪ್ರಬಂಧ ರಕ್ತದ ಬಗ್ಗೆ ಅಲ್ಲ, ಕಪ್ಪೆಯ ಸ್ನಾಯುವಿನ ಒಂದೊಂದು ಎಳೆಯ ಒಳಗೂ ಸಪೂರ ಗಾಜಿನ ನಳಿಗೆ ತೂರಿಸಿ ವಿದ್ಯುತ್ತು ಅಳೆಯುವ ಬಗ್ಗೆ. ಗಂಡನಿಗೆ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಸಿಕ್ಕಿತೆಂದು ಅಲ್ಲಿಗೆ ಹೋದವರು 1953ರಲ್ಲಿ ಸ್ಟ್ಯಾನ್‌ಫರ್ಡ್ ವೈದ್ಯಕೀಯ ಶಾಲೆ ಸೇರಿದರು. ರಕ್ತ ಹೆಪ್ಪುಗಟ್ಟುವ ವಿಷಯಕ್ಕೆ ಅವರು ಕೈ ಹಾಕಿದ್ದು ಅಲ್ಲಿ. ಕಪ್ಪೆಯ ಸ್ನಾಯು ಬಿಟ್ಟು ಮೂವತ್ತು ದಾಟಿದ ಮೇಲೆ ಹೊಸ ವಿದ್ಯೆ ಕಲಿಯುವುದು ಚಿಕ್ಕ ಕೆಲಸವಲ್ಲ.

ಆ ಕಾಲದಲ್ಲಿ ಹಿಮೋಫಿಲಿಯಾಕ್ಕೆ ಕೊಡುತ್ತಿದ್ದದ್ದು ಮುಖ್ಯವಾಗಿ ಪ್ಲಾಸ್ಮಾ, ಅಂದರೆ ಕೆಂಪು ಕಣ ತೆಗೆದ ಮೇಲೆ ಉಳಿಯುವ ಹಳದಿ ನೀರು. ಇದರ ಲೆಕ್ಕ ಸ್ವಲ್ಪ ನೋಡಿ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಎಂಟನೆಯ ಫ್ಯಾಕ್ಟರ್ ಇರುವುದು ಸುಮಾರು ಒಂದು ಯುನಿಟ್. 15 ಕಿಲೊ ತೂಗುವ ಮಗುವಿನ ನಾಲಗೆಯ ರಕ್ತ ನಿಲ್ಲಬೇಕಾದರೆ ಸುಮಾರು 300 ಯುನಿಟ್ ಬೇಕು. ಅಂದರೆ 300 ಮಿಲಿಲೀಟರ್ ಪ್ಲಾಸ್ಮಾ, ಅಷ್ಟು ಚಿಕ್ಕ ದೇಹಕ್ಕೆ ಒಂದೇ ಸಲ! ಒಳಗೆ ಹೋದ ಫ್ಯಾಕ್ಟರ್ ಸುಮಾರು 12 ಗಂಟೆಯಲ್ಲಿ ಅರ್ಧಕ್ಕಿಳಿಯುವುದರಿಂದ ಮತ್ತೆ ಕೊಡಬೇಕು, ಮತ್ತೆ. ಹೃದಯಕ್ಕೆ ಆ ಹೊರೆ ತಡೆಯಲಾಗದೆ ಶ್ವಾಸಕೋಶದಲ್ಲಿ ನೀರು ತುಂಬುವ ಭಯ. ದೊಡ್ಡವರಿಗಾದರೆ ಎಷ್ಟು ಕೊಟ್ಟರೂ ಸಾಲದು. ಶಸ್ತ್ರಚಿಕಿತ್ಸೆಯ ಮಾತೇ ಇಲ್ಲ.

ಜೂಡಿತ್ ಪೂಲ್ ಗಮನಿಸಿದ್ದು ಬಹಳ ಸಣ್ಣ ಸಂಗತಿ. ಗಟ್ಟಿಮಾಡಿದ ಪ್ಲಾಸ್ಮಾವನ್ನು ಬಿಸಿ ತಾಗಿಸದೆ ತಣ್ಣಗಿನ ಜಾಗದಲ್ಲಿ ನಿಧಾನವಾಗಿ ಕರಗಿಸಿದರೆ ಎಲ್ಲವೂ ಕರಗುವುದಿಲ್ಲ, ತಳದಲ್ಲಿ ಒಂದಿಷ್ಟು ಬಿಳಿಯ ಗಸಿ ಉಳಿಯುತ್ತದೆ. ತೆಂಗಿನಹಾಲನ್ನು ಫ್ರಿಜ್ಜಿನಲ್ಲಿ ಇಟ್ಟರೆ ದಪ್ಪ ಭಾಗ ಬೇರೆಯಾಗಿ ಮೇಲೆ ಕೂರುವುದಿಲ್ಲವೇ? ಇಲ್ಲಿ ಕೆಳಗೆ ಕೂರುತ್ತದೆ, ಅಷ್ಟೇ ವ್ಯತ್ಯಾಸ. ಆ ಗಸಿಯಲ್ಲಿ ಎಂಟನೆಯ ಫ್ಯಾಕ್ಟರ್ ಇದೆ ಎಂಬುದನ್ನು ಅವರು ಮತ್ತು ಸಹೋದ್ಯೋಗಿ ರಾಬಿನ್ಸನ್ 1959ರಲ್ಲೇ ಬರೆದಿದ್ದರು. 1964ರಲ್ಲಿ ಹರ್ಷ್‌ಗೋಲ್ಡ್ ಮತ್ತು ಪಾಪೆನ್‌ಹಾಗನ್ ಜೊತೆಗೂಡಿ 'ನೇಚರ್' ಪತ್ರಿಕೆಯಲ್ಲಿ ಅದನ್ನೇ ಔಷಧಿಯಾಗಿ ತೆಗೆಯುವ ಕ್ರಮ ಪ್ರಕಟಿಸಿದರು. ಮೇಲಿನ ನೀರನ್ನು ಬಸಿದು ತಳದ ಗಸಿಯನ್ನು ಇಟ್ಟುಕೊಳ್ಳುವುದು. ಹೆಸರು ಕ್ರಯೋಪ್ರೆಸಿಪಿಟೇಟ್, ಚಳಿಯಲ್ಲಿ ತಳಕ್ಕಿಳಿದದ್ದು ಎಂದರ್ಥ. ನಮ್ಮ ಮಗನ ಲೆಕ್ಕಕ್ಕೆ ಹೇಳುವುದಾದರೆ 300 ಮಿಲಿಲೀಟರಿನ ಜಾಗದಲ್ಲಿ ನಾಲ್ಕು ಚೀಲ, ಎಲ್ಲ ಸೇರಿ ಸುಮಾರು 60 ಮಿಲಿಲೀಟರ್.

ನಮಗೆ ಇದಕ್ಕಿಂತ ಹೆಚ್ಚು ಇಷ್ಟವಾದದ್ದು ಮುಂದಿನ ವರ್ಷದ ಕೆಲಸ. 1965ರಲ್ಲಿ ಶಾನನ್ ಎಂಬವರ ಜೊತೆ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು ಇಡೀ ಕೆಲಸವನ್ನು ಒಂದಕ್ಕೊಂದು ನಳಿಗೆಯಿಂದ ಜೋಡಿಸಿದ ಪ್ಲಾಸ್ಟಿಕ್ ಚೀಲಗಳ ಒಳಗೇ ಮುಗಿಸುವ ದಾರಿ ತೋರಿಸಿದರು. ಹೊರಗಿನ ಗಾಳಿ ತಾಗುವಂತಿಲ್ಲ, ರೋಗಾಣು ಸೇರುವಂತಿಲ್ಲ. ಇದಕ್ಕೆ ಕಾರ್ಖಾನೆ ಬೇಡ. ಸಾಮಾನ್ಯ ರಕ್ತನಿಧಿಯಲ್ಲಿ ಇರುವ ಸಲಕರಣೆಯೇ ಸಾಕು. ಗಟ್ಟಿಮಾಡಿ ಇಟ್ಟರೆ ಒಂದು ವರ್ಷದ ತನಕ ಉಳಿಯುತ್ತದೆ. ಒಬ್ಬರು ಕೊಟ್ಟ ರಕ್ತದ ಕೆಂಪು ಕಣ ರಕ್ತಹೀನತೆಯ ಒಬ್ಬರಿಗೆ, ಬಸಿದ ಪ್ಲಾಸ್ಮಾ ಮತ್ತೊಬ್ಬರ ಉಪಯೋಗಕ್ಕೆ, ತಳದ ಗಸಿ ಹಿಮೋಫಿಲಿಯಾದವರಿಗೆ. ನಮ್ಮ ಅಜ್ಜಿಯಂದಿರು ಹಲಸಿನ ಹಣ್ಣಿನಲ್ಲಿ ತೊಳೆ, ಬೀಜ, ರಚ್ಚೆ ಏನನ್ನೂ ಬಿಸಾಡದೆ ಮನೆ ನಡೆಸಿದ ಹಾಗೆ.

ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಎಂದು ಬಾಲ್ಯ ಕಳೆದ ಹುಡುಗರು ಇದರಿಂದ ಶಾಲೆಗೆ ಹೋಗುವಂತಾದರು, ಶಸ್ತ್ರಚಿಕಿತ್ಸೆಗಳು ನಡೆದವು. ಆದರೂ ಸ್ಟ್ಯಾನ್‌ಫರ್ಡಿನಲ್ಲಿ ಜೂಡಿತ್ ಅವರು ಪ್ರೊಫೆಸರ್ ಆದದ್ದು 1972ರಲ್ಲಿ. ಅಲ್ಲಿಯವರೆಗೆ ಅವರು ಸಂಶೋಧಕಿ ಎಂಬ ದರ್ಜೆಯಲ್ಲೇ ಇದ್ದರು. ಲೋಕವೆಲ್ಲ ಅವರ ಕ್ರಮವನ್ನು ಅನುಸರಿಸುತ್ತಿರುವಾಗ ಎಂಟು ವರ್ಷ! ಹೆಂಗಸಲ್ಲದಿದ್ದರೆ ಇಷ್ಟು ಕಾಯಬೇಕಿತ್ತೇ ಎಂದು ನಮಗೆ ಅನ್ನಿಸುತ್ತದೆ. 1971ರಲ್ಲಿ ವಿಜ್ಞಾನದಲ್ಲಿರುವ ಮಹಿಳೆಯರ ಸಂಘ ಕಟ್ಟಲು ಅವರು ಮುಂದೆ ನಿಂತದ್ದು ಸುಮ್ಮನೆ ಅಲ್ಲ. 1975ರ ಜುಲೈ 13ರಂದು, 56ನೇ ವಯಸ್ಸಿನಲ್ಲಿ, ಮಿದುಳಿನ ಗಡ್ಡೆಯಿಂದ ತೀರಿಕೊಂಡರು.

1971ರಲ್ಲಿ ಹಲ್ಲು ಕಿತ್ತ ಆ ಹುಡುಗನ ನೆನಪು ಇಲ್ಲಿ ಮತ್ತೆ ಬರುತ್ತದೆ. ಅವನು ಸಾಯುವಾಗ ಅವನ ಔಷಧಿ ಲೋಕದಲ್ಲಿ ಹುಟ್ಟಿ ಏಳು ವರ್ಷ ಆಗಿತ್ತು. ಬೇಕಾದದ್ದು ಒಂದು ಫ್ರೀಜರ್, ಕೆಲವು ಚೀಲ, ರಕ್ತ ಕೊಡುವ ನಾಲ್ಕೈದು ಜನ, ಮತ್ತು ಇದು ಇಂಥ ಕಾಯಿಲೆ ಎಂದು ಹೇಳಬಲ್ಲ ಒಬ್ಬರು. ಈ ವಿಷಯ ಹೇಳಿದಾಗ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಮ್ಮನ ತಪ್ಪಲ್ಲ" ಎಂದರು. ಅಷ್ಟೇ.

ಕ್ರಯೋ ಬಂದಲ್ಲಿಗೆ ಕಷ್ಟ ಮುಗಿಯಲಿಲ್ಲ ಎಂಬುದನ್ನೂ ಹೇಳಬೇಕು. ಮುಂದೆ ಕಂಪೆನಿಗಳು ಸಾವಿರಾರು ಜನರ ಪ್ಲಾಸ್ಮಾ ಒಟ್ಟು ಮಾಡಿ ಪುಡಿರೂಪದ ಫ್ಯಾಕ್ಟರ್ ತಯಾರಿಸಿದವು. ಮನೆಯಲ್ಲೇ ಚುಚ್ಚಿಕೊಳ್ಳಬಹುದಾದ್ದರಿಂದ ಜನ ಸಂತೋಷಪಟ್ಟರು. 1980ರ ದಶಕದಲ್ಲಿ ಆ ಪುಡಿಯ ಮೂಲಕವೇ ಏಡ್ಸ್ ವೈರಸ್ ಹರಡಿ ಅಮೆರಿಕದ ಹಿಮೋಫಿಲಿಯಾದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ತಗಲಿತು. ಒಂಬತ್ತನೆಯ ಫ್ಯಾಕ್ಟರ್ ಇಲ್ಲದ ಕಾಯಿಲೆಗೆ ಕ್ರಿಸ್ಮಸ್ ಕಾಯಿಲೆ ಎಂಬ ಹೆಸರಿದೆ. ಅದು ಹಬ್ಬದಿಂದ ಬಂದದ್ದಲ್ಲ, 1952ರಲ್ಲಿ ಮೊದಲು ಗುರುತಿಸಿದ ಸ್ಟೀಫನ್ ಕ್ರಿಸ್ಮಸ್ ಎಂಬ ಹುಡುಗನಿಂದ ಬಂದದ್ದು. ಅವರೂ ರಕ್ತದಿಂದ ತಗಲಿದ ಏಡ್ಸ್‌ನಿಂದಲೇ 1993ರಲ್ಲಿ ತೀರಿಕೊಂಡರು. ಒಂದು ಚೀಲಕ್ಕೆ ಒಬ್ಬರೇ ದಾನಿ ಎಂಬ ಕಾರಣದಿಂದ ಕ್ರಯೋದಲ್ಲಿ ಅಪಾಯ ಕಡಿಮೆ ಇತ್ತು, ಇಲ್ಲವೇ ಇಲ್ಲ ಎಂದಲ್ಲ. ಅದರಲ್ಲಿ ವೈರಸ್ ನಾಶಮಾಡುವುದು ಸುಲಭವಲ್ಲವಾದ್ದರಿಂದ ಈಗ ಹಿಮೋಫಿಲಿಯಾಕ್ಕೆ ಶುದ್ಧೀಕರಿಸಿದ ಫ್ಯಾಕ್ಟರ್ ಸಿಗುವಲ್ಲಿ ಅದನ್ನೇ ಕೊಡುತ್ತಾರೆ. ಕ್ರಯೋ ಉಳಿದಿರುವುದು ಬೇರೆ ಕೆಲಸಕ್ಕೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಫೈಬ್ರಿನೋಜನ್ ಎಂಬ ಪ್ರೋಟೀನು ಕುಸಿದ ತಾಯಂದಿರಿಗೆ ಅದನ್ನು ಇಂದಿಗೂ ಕೊಡುತ್ತಾರೆ.

ನಾವಿರುವುದು ಕಾಸರಗೋಡಿನಲ್ಲಾದ್ದರಿಂದ ಕೇರಳದ ಆಶಾಧಾರಾ ಯೋಜನೆಯಲ್ಲಿ ಮಗನಿಗೆ ಫ್ಯಾಕ್ಟರ್ ಉಚಿತವಾಗಿ ಸಿಕ್ಕಿತು. 2024ರಲ್ಲಿ ರಾಜ್ಯ ಸರಕಾರ 18 ವರ್ಷದೊಳಗಿನವರಿಗೆ ಎಮಿಸಿಜುಮಾಬ್ ಎಂಬ ಹೊಸ ಔಷಧಿ ಕೊಡಲು ತೀರ್ಮಾನಿಸಿತು. ಇದು ಎಂಟನೆಯ ಫ್ಯಾಕ್ಟರ್ ಅಲ್ಲ. ಸಾಲಿನಲ್ಲಿ ಎಂಟನೆಯವನು ಇಲ್ಲದಿದ್ದರೆ ಅವನ ಜಾಗದಲ್ಲಿ ನಿಂತು ಬುಟ್ಟಿ ದಾಟಿಸುವ ಬಾಡಿಗೆ ಆಳು! ನರ ಹುಡುಕಬೇಕಾಗಿಲ್ಲ, ಚರ್ಮದ ಕೆಳಗೆ ಚುಚ್ಚಿದರೆ ಸಾಕು. ಮಗ ಶಾಲೆಗೆ ಕುಂಟದೆ ನಡೆದುಹೋದ ಮೊದಲ ತಿಂಗಳು ನಮಗೆ ಹಬ್ಬ. 2024ರ ಡಿಸೆಂಬರಿನಲ್ಲಿ, ಜೂಡಿತ್ ಅವರ ಚೀಲದ ಲೇಖನ ಬಂದ ಅದೇ ಅಮೆರಿಕದ ಪತ್ರಿಕೆಯಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು ಐದು ಮಂದಿಗೆ ಅವರದೇ ರಕ್ತದ ಮೂಲಕಣಗಳಲ್ಲಿ ಎಂಟನೆಯ ಫ್ಯಾಕ್ಟರಿನ ಜೀನ್ ಸೇರಿಸಿ ಹಿಂದಕ್ಕೆ ಕೊಟ್ಟದ್ದನ್ನು ಪ್ರಕಟಿಸಿದ್ದಾರೆ. ವರದಿಯ ಅವಧಿಯಲ್ಲಿ ಆ ಐವರಲ್ಲಿ ಯಾರಿಗೂ ರಕ್ತಸ್ರಾವ ಆಗಲಿಲ್ಲ. ಐದು ಚಿಕ್ಕ ಸಂಖ್ಯೆ, ಆದರೆ ನಮ್ಮ ಕಣ್ಣಿಗೆ ಚಿಕ್ಕದಾಗಿ ಕಾಣುವುದಿಲ್ಲ.

ಇನ್ನು ಆ ಮೂರನೆಯ ಪ್ರಶ್ನೆ. ತಾಯಿಯ ಎರಡು ಎಕ್ಸ್ ಕ್ರೋಮೊಸೋಮುಗಳಲ್ಲಿ ಒಂದರಲ್ಲಿ ಈ ಕೊರತೆ ಇದ್ದರೆ, ಹುಟ್ಟುವ ಪ್ರತಿ ಮಗನಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧ, ಪ್ರತಿ ಮಗಳು ವಾಹಕಿಯಾಗುವ ಸಾಧ್ಯತೆಯೂ ಅರ್ಧ. ನಾಣ್ಯ ಚಿಮ್ಮಿದಂತೆ, ಯಾರ ಕೈಯಲ್ಲೂ ಇಲ್ಲ. ತೀವ್ರ ಹಿಮೋಫಿಲಿಯಾದ ಸುಮಾರು ಮೂರನೇ ಒಂದು ಪಾಲು ಮಕ್ಕಳ ಕುಟುಂಬದಲ್ಲಿ ಹಿಂದೆ ಯಾರಿಗೂ ಇದ್ದದ್ದೇ ಇಲ್ಲ. ವಿಕ್ಟೋರಿಯಾ ರಾಣಿಯಿಂದ ರಷ್ಯಾದ ರಾಜಕುಮಾರನವರೆಗೆ ಇದು ಹೋದದ್ದು ಶಾಲಾಪುಸ್ತಕದಲ್ಲೇ ಬರುತ್ತದೆ. ಅರಮನೆಯಲ್ಲಿ ಬಂದರೆ ಚರಿತ್ರೆ, ನಮ್ಮ ಮನೆಯಲ್ಲಿ ಬಂದರೆ ದೋಷ!

ನಮ್ಮ ದೊಡ್ಡ ಮಗಳು 2001ರಲ್ಲಿ ಹುಟ್ಟಿದವಳು. ಅವಳ ಒಪ್ಪಿಗೆ ಕೇಳಿಯೇ ಮುಂದಿನದನ್ನು ಬರೆಯುತ್ತಿದ್ದೇವೆ. ಮುಟ್ಟಿನ ದಿನಗಳಲ್ಲಿ ಅವಳಿಗೆ ವಿಪರೀತ ರಕ್ತ ಹೋಗುತ್ತಿತ್ತು. ಉಷ್ಣ ಎಂದು ಎಲ್ಲರೂ ಹೇಳಿ ಎಳನೀರು, ಮೆಂತೆ ಕೊಟ್ಟದ್ದೇ ಬಂತು. ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಅವಳು ವಾಹಕಿ, ಎಂಟನೆಯ ಫ್ಯಾಕ್ಟರ್ ಶೇಕಡಾ 31 ಎಂದು ತಿಳಿಯಿತು. ಶೇಕಡಾ 40ಕ್ಕಿಂತ ಕೆಳಗಿದ್ದರೆ ವಾಹಕಿ ಎಂದು ಮಾತ್ರವಲ್ಲ, ಸೌಮ್ಯ ಹಿಮೋಫಿಲಿಯಾ ಎಂದೇ ಈಗ ಲೆಕ್ಕ. ಹೆಂಗಸರಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ಮಾತು ಪೂರ್ತಿ ಸರಿಯಲ್ಲ. ಫಿನ್ಲೆಂಡಿನ ಓಲಾಂಡ್ ದ್ವೀಪದ ಹ್ಯೋರ್ಡಿಸ್ ಎಂಬ ಹುಡುಗಿಯನ್ನು 1924ರಲ್ಲಿ ನೋಡಿದ ಡಾಕ್ಟರ್ ಎರಿಕ್ ಫಾನ್ ವಿಲ್ಲೆಬ್ರಾಂಡ್ ಗಂಡು ಹೆಣ್ಣು ಇಬ್ಬರಿಗೂ ಬರುವ ಇನ್ನೊಂದು ರಕ್ತಸ್ರಾವದ ಕಾಯಿಲೆಯನ್ನು 1926ರಲ್ಲಿ ವಿವರಿಸಿದರು. ಆ ಹುಡುಗಿ 13ನೇ ವಯಸ್ಸಿನಲ್ಲಿ, ನಾಲ್ಕನೇ ಮುಟ್ಟಿನಲ್ಲಿ, ರಕ್ತ ನಿಲ್ಲದೆ ಸತ್ತಳು. ಮನೆಯಲ್ಲಿ ಹೆಣ್ಣುಮಕ್ಕಳಿರುವವರು ಇದನ್ನು ದಯವಿಟ್ಟು ಉಷ್ಣ ಎಂದು ಬಿಡಬೇಡಿ. ಹಲ್ಲು ಕೀಳುವ ಮೊದಲು, ಹೆರಿಗೆಗೆ ಮೊದಲು ಡಾಕ್ಟರಿಗೆ ತಿಳಿಸಿ. ಕಾಯಿಲೆ ಇರುವವರಿಗೆ ಆಸ್ಪಿರಿನ್ ಕೊಡಬಾರದು, ಮಾಂಸಖಂಡಕ್ಕೆ ಸೂಜಿ ಚುಚ್ಚಿಸಬಾರದು.

ಕಳೆದ ವರ್ಷ ಮಗಳಿಗೆ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗ, ಮನೆತನ ಎಲ್ಲ ನಮಗೆ ಒಪ್ಪಿಗೆ. ಹತ್ತಿರದ ನೆಂಟರೊಬ್ಬರು, ತಮ್ಮನದ್ದು ಹೇಗೂ ಗೊತ್ತಿದೆ, ಇವಳದ್ದನ್ನು ಈಗಲೇ ಬಾಯಿ ಬಿಡಬೇಡಿ ಎಂದು ಬುದ್ಧಿ ಹೇಳಿದರು. ನಾವು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೇ ದಿನ ಮಗಳೇ ರಕ್ತಪರೀಕ್ಷೆಯ ಚೀಟಿ ಹಿಡಿದುಕೊಂಡು ಹುಡುಗನನ್ನೂ ಅವನ ತಾಯಿತಂದೆಯರನ್ನೂ ಕೂರಿಸಿ, ನಾಣ್ಯದ ಲೆಕ್ಕ, ನಾಲ್ಕು ಚೀಲದ ಲೆಕ್ಕ, ಅಜ್ಜಿಯ ತಮ್ಮನ ಕಥೆ ಎಲ್ಲ ಹೇಳಿದಳು. ಅವರು ಹೆಚ್ಚು ಮಾತಾಡದೆ ಚಹಾ ಕುಡಿದು ಎದ್ದರು. ಒಂದು ತಿಂಗಳು ಸುದ್ದಿಯೇ ಇರಲಿಲ್ಲ.

ಮೊನ್ನೆ ಹುಡುಗನ ತಾಯಿ ಫೋನು ಮಾಡಿದ್ದರು. "ವೆಲ್ಲೂರಿನ ಡಾಕ್ಟರಲ್ಲಿ ನಮಗೂ ಕೆಲವು ಕೇಳಲಿಕ್ಕಿದೆ ಬಾಯಿ. ನೀವು ಮುಂದಿನ ಸಲ ಹೋಗುವಾಗ ನಾವೂ ಬರಬಹುದಾ?" ಎಂದರು. ಮಂಗಳೂರು ಮೈಲಿನಲ್ಲಿ ಕಾಟ್ಪಾಡಿಗೆ ಏಳು ಟಿಕೇಟು ತೆಗೆದಿದ್ದೇವೆ.